ಚಾರ್ಲ್ಸ್ ಬಾರ್ಕ್ಲಿ: ಆಟ ನಿಂತರೂ ನಿಲ್ಲದ ಮಾತು – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಗಳನ್ನು ಹೊಸದಾಗಿ ನೋಡಲು ಕುಳಿತವರಿಗೆ ಆಟಗಾರರ ಹೆಸರುಗಳು ಬಾಯಿಗೆ ಬರುವ ಮೊದಲೇ ಒಂದು ಮುಖ ಗುರುತಾಗಿಬಿಡುತ್ತದೆ. ವಿರಾಮದ ಹೊತ್ತಿಗೆ ಸ್ಟುಡಿಯೊ ಮೇಜಿನ ಹಿಂದೆ ಕಾಣಿಸಿಕೊಂಡು, ಕಂಡವರನ್ನೆಲ್ಲ ಟೀಕಿಸಿ, ಅದಕ್ಕಿಂತ ಹೆಚ್ಚಾಗಿ ತಾನೇ ಲೇವಡಿಗೆ ಗುರಿಯಾಗಿ ಮೈ ಕುಲುಕಿಸಿ ನಗುವ ಬೋಳುತಲೆಯ ದೈತ್ಯನ ಮುಖ ಅದು. ಅವರ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನಾನು ಅವರ ಅಭಿಮಾನಿ. ಆದರೆ ಎಲ್ಲ ಮಾತಿಗೂ ತಲೆದೂಗುವ ಅಭಿಮಾನಿಯಲ್ಲ. ತಲೆದೂಗುವವರನ್ನು ಕಂಡರೆ ಅವರಿಗೂ ಆಗುವುದಿಲ್ಲ, ಅದನ್ನು ಮುಂದೆ ನೋಡುತ್ತೀರಿ.

ಬಾರ್ಕ್ಲಿ ಯಾರು? ಚಿಕ್ಕದಾಗಿ ಹೇಳಿ.

1963ರ ಫೆಬ್ರುವರಿ 20ರಂದು ಅಮೆರಿಕದ ಅಲಬಾಮಾ ರಾಜ್ಯದ ಲೀಡ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಬೆಳೆಸಿದ್ದು ತಾಯಿ ಮತ್ತು ಅಜ್ಜಿ. ಆಬರ್ನ್ ವಿಶ್ವವಿದ್ಯಾಲಯದ ತಂಡದಲ್ಲಿ ಮೂರು ಋತು ಆಡಿ 1984ರಲ್ಲಿ ಎನ್‌ಬಿಎಗೆ ಬಂದರು. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ನಲ್ಲಿ ಎಂಟು ವರ್ಷ, ಫೀನಿಕ್ಸ್ ಸನ್ಸ್‌ನಲ್ಲಿ ನಾಲ್ಕು, ಹ್ಯೂಸ್ಟನ್ ರಾಕೆಟ್ಸ್‌ನಲ್ಲಿ ನಾಲ್ಕು, ಒಟ್ಟು 16 ಋತು. 1,073 ಪಂದ್ಯ, 23,757 ಅಂಕ, 12,546 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). 11 ಬಾರಿ ಆಲ್‌ಸ್ಟಾರ್, ಅಂದರೆ ಲೀಗಿನ ತಾರೆಯರ ಪಂದ್ಯಕ್ಕೆ ಆಯ್ಕೆ. 1993ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ. 2006ರಲ್ಲಿ ಆಟದ ಮಹನೀಯರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್. 2000ದಿಂದ ಈವರೆಗೆ ಟಿವಿ ವಿಶ್ಲೇಷಕ. ಲೆಕ್ಕ ಹಾಕಿ ನೋಡಿದರೆ ಅಂಕಣದಲ್ಲಿ ಕಳೆದದ್ದಕ್ಕಿಂತ ಹೆಚ್ಚು ವರ್ಷ ಮೈಕಿನ ಮುಂದೆ ಕಳೆದಿದ್ದಾರೆ.

ಅವರ ನಿಜವಾದ ಎತ್ತರ ಎಷ್ಟು?

ದಾಖಲೆಯಲ್ಲಿ 6 ಅಡಿ 6 ಅಂಗುಲ. ಅವರೇ ಒಪ್ಪಿಕೊಂಡಿರುವಂತೆ 6 ಅಡಿ 5 ಅಂಗುಲಕ್ಕೂ ಕೊಂಚ ಕಡಿಮೆ. ನಮ್ಮ ನಿಮ್ಮ ಕಣ್ಣಿಗೆ ಇದು ಎತ್ತರವೇ. ಆದರೆ ಅವರು ಆಡುತ್ತಿದ್ದ, ಬುಟ್ಟಿಯ ಹತ್ತಿರ ಸೆಣಸಬೇಕಾದ ಪವರ್ ಫಾರ್ವರ್ಡ್ ಸ್ಥಾನದಲ್ಲಿ ಎದುರಿಗೆ ನಿಲ್ಲುತ್ತಿದ್ದವರು 6 ಅಡಿ 9 ಅಂಗುಲ, 10 ಅಂಗುಲದವರು. ಅಂಥವರ ನಡುವೆ ನಿಂತು 1986–87ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 14.6 ರೀಬೌಂಡ್ ಹಿಡಿದು ಇಡೀ ಲೀಗಿನಲ್ಲಿ ಮೊದಲಿಗರಾದರು.

ಹೇಗೆ ಎಂದು ಕೇಳುವವರು ಅವರ ಹಳೆಯ ಪಂದ್ಯಗಳಲ್ಲಿ ಚೆಂಡನ್ನು ಬಿಟ್ಟು ಅವರ ಸೊಂಟವನ್ನು ನೋಡಬೇಕು. ಚೆಂಡು ಬುಟ್ಟಿಯ ಅಂಚಿಗೆ ಬಡಿಯುವ ಮುನ್ನವೇ ಎದುರಾಳಿಯನ್ನು ಬೆನ್ನಿನಿಂದ, ಸೊಂಟದಿಂದ ಒತ್ತಿ ಹಿಂದಕ್ಕೆ ಸರಿಸಿ ಜಾಗ ಹಿಡಿದಿರುತ್ತಾರೆ. ಜೊತೆಗೆ ಆ ದೇಹಕ್ಕೆ ಒಪ್ಪದ ಚುರುಕಿನ ಜಿಗಿತ. ಒಮ್ಮೆ ಹಾರಿ ಕೈಗೆ ಸಿಗದಿದ್ದರೆ, ಎತ್ತರದವನು ನೆಲ ಮುಟ್ಟಿ ಸಾವರಿಸಿಕೊಳ್ಳುವಷ್ಟರಲ್ಲಿ ಇವರು ಎರಡನೆಯ ಬಾರಿ ಹಾರಿ ಆಗಿರುತ್ತಿತ್ತು. ಪ್ರೌಢಶಾಲೆಯ ದಿನಗಳಲ್ಲಿ 5 ಅಡಿ 10 ಅಂಗುಲವಿದ್ದು ಶಾಲೆಯ ಮುಖ್ಯ ತಂಡಕ್ಕೇ ಸೇರಲಾಗದ ಹುಡುಗ ಇವರು. ತಂತಿಬೇಲಿಯನ್ನು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಹಾರಿ ಹಾರಿ ಕಾಲು ಗಟ್ಟಿ ಮಾಡಿಕೊಂಡರು. ಮುಂದೆ ಒಂದೇ ಬೇಸಗೆಯಲ್ಲಿ ಆರು ಅಂಗುಲದಷ್ಟು ಬೆಳೆದರಂತೆ.

ಡ್ರಾಫ್ಟ್‌ಗೆ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ದಿನಕ್ಕೆ, ಮೊದಲು ಬೇಕೆಂದೇ ತೂಕ ಹೆಚ್ಚಿಸಿಕೊಂಡಿದ್ದರು ಎಂಬುದು ನಿಜವೆ?

ಅವರೇ ಹೇಳಿಕೊಂಡು ತಿರುಗುವ ಕಥೆ ಇದು. ಕಾಲೇಜಿನಲ್ಲಿ ಅವರ ತೂಕ 300 ಪೌಂಡಿನ ಆಸುಪಾಸಿನಲ್ಲಿತ್ತು, ಅಂದರೆ ಸುಮಾರು 136 ಕಿಲೊ. ತೂಕ ಇಳಿಸಿಕೊಂಡು ಬಾ, ಆಯ್ಕೆ ಮಾಡುತ್ತೇವೆ ಎಂದು ಫಿಲಡೆಲ್ಫಿಯಾದವರು ಹೇಳಿದ್ದರು. ಆದರೆ ಆ ವರ್ಷ ಅವರ ಬಳಿ ಹೊಸಬನಿಗೆ ಕೊಡಲು ಹೆಚ್ಚು ಹಣವಿರಲಿಲ್ಲ ಎಂಬುದು ಬಾರ್ಕ್ಲಿಗೆ ಗೊತ್ತಾಯಿತು. ಬೇರೆ ಯಾರಾದರೂ ಆರಿಸಿಕೊಳ್ಳಲಿ ಎಂದು, ಇಳಿಸಿದ ತೂಕವನ್ನೆಲ್ಲ ಎರಡೇ ದಿನ ಸಿಕ್ಕಿದ್ದನ್ನು ತಿಂದು ಮತ್ತೆ ಏರಿಸಿಕೊಂಡು ಹೋದರಂತೆ. ಫಿಲಡೆಲ್ಫಿಯಾ ಆದರೂ ಬಿಡಲಿಲ್ಲ, ಐದನೆಯ ಆಯ್ಕೆಯಾಗಿ ಕರೆದುಕೊಂಡಿತು. ಅದೇ ಡ್ರಾಫ್ಟ್‌ನಲ್ಲಿ ಮೊದಲನೆಯವರು ಹಕೀಮ್ ಒಲಾಜುವನ್, ಮೂರನೆಯವರು ಮೈಕಲ್ ಜೋರ್ಡನ್, ಹದಿನಾರನೆಯವರು ಜಾನ್ ಸ್ಟಾಕ್ಟನ್.

ತಂಡ ಸೇರಿದ ಮೇಲೆ ತಮಗೆ ಆಡಲು ಅವಕಾಶ ಯಾಕೆ ಸಿಗುತ್ತಿಲ್ಲ ಎಂದು ಹಿರಿಯ ಆಟಗಾರ ಮೋಸೆಸ್ ಮ್ಯಾಲೋನ್ ಅವರನ್ನು ಕೇಳಿದರು. ನೀನು ದಪ್ಪಗಿದ್ದೀಯ, ಸೋಮಾರಿಯೂ ಹೌದು ಎಂದು ಮ್ಯಾಲೋನ್ ಮುಖಕ್ಕೆ ಹೇಳಿದರು. ಹೇಳಿ ಸುಮ್ಮನಾಗದೆ, ಜೊತೆಗೆ ನಿಂತು ಹತ್ತು ಹತ್ತು ಪೌಂಡಿನಂತೆ ಇಳಿಸಿಸಿದರು. ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ. ಮುಂದೆ ಟಿವಿಯಲ್ಲಿ ಬಾರ್ಕ್ಲಿ ಬೇರೆಯವರಿಗೆ ಮಾಡುತ್ತಾ ಬಂದದ್ದು, ಅಂದು ಮ್ಯಾಲೋನ್ ತಮಗೆ ಮಾಡಿದ್ದನ್ನೇ ಎಂದು ನನಗೆ ಅನ್ನಿಸುತ್ತದೆ.

ಅವರ ಜೆರ್ಸಿ ಸಂಖ್ಯೆ 34 ಅಲ್ಲವೆ? ಕೆಲವು ಚಿತ್ರಗಳಲ್ಲಿ 32 ಇದೆಯಲ್ಲ?

34 ಹೌದು. 32 ತೊಡುತ್ತಿದ್ದ ಮಹಾನ್ ಆಟಗಾರ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆಯೆಂದು 1991ರ ನವೆಂಬರಿನಲ್ಲಿ ಪ್ರಕಟಿಸಿ ಆಟದಿಂದ ಹಿಂದೆ ಸರಿದಾಗ, ಅವರ ಗೌರವಾರ್ಥ ಆ ಒಂದು ಋತು 32 ತೊಟ್ಟು ಆಡಿದರು. ಫಿಲಡೆಲ್ಫಿಯಾದಲ್ಲಿ ಆ ಸಂಖ್ಯೆಯನ್ನು ತಂಡದ ಹಳೆಯ ಆಟಗಾರ ಬಿಲ್ಲಿ ಕನ್ನಿಂಗ್‌ಹ್ಯಾಮ್ ಅವರ ಹೆಸರಿಗೆ ಮೀಸಲಿಟ್ಟಿದ್ದರು. ಅವರು ಅದನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟರು.

ಪ್ರೇಕ್ಷಕರ ಮೇಲೆ ಉಗುಳಿದ್ದು ಇವರೇನಾ?

ಇವರೇ. 1991ರ ಮಾರ್ಚ್, ನ್ಯೂಜೆರ್ಸಿಯಲ್ಲಿ ಪಂದ್ಯ. ಅಂಕಣದ ಪಕ್ಕ ಕುಳಿತು ಬೈಯುತ್ತಿದ್ದ ಒಬ್ಬನ ಕಡೆಗೆ ಉಗುಳಿದರು. ಉಗುಳು ಬಿದ್ದದ್ದು ಪಕ್ಕದಲ್ಲಿದ್ದ ಪುಟ್ಟ ಹುಡುಗಿಯ ಮೇಲೆ. 10,000 ಡಾಲರ್ ದಂಡ, ಒಂದು ಪಂದ್ಯದ ನಿಷೇಧ. ಇದಕ್ಕೆ ಸಮರ್ಥನೆ ಇಲ್ಲ, ಅವರೂ ಕೊಟ್ಟಿಲ್ಲ. ಆಮೇಲೆ ಆ ಹುಡುಗಿಯ ಮನೆಯವರೊಂದಿಗೆ ಸ್ನೇಹ ಬೆಳೆಸಿಕೊಂಡರು. ತಮ್ಮ ಬದುಕಿನಲ್ಲಿ ಅತಿ ಹೆಚ್ಚು ನಾಚಿಕೆ ತಂದ ಗಳಿಗೆಗಳಲ್ಲಿ ಅದೂ ಒಂದು ಎಂದು ಹೇಳುತ್ತಲೇ ಬಂದಿದ್ದಾರೆ.

ಒಲಿಂಪಿಕ್ಸ್‌ನಲ್ಲಿ ಏನು ಸಾಧಿಸಿದರು?

ಎರಡು ಚಿನ್ನ: 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ. 1984ರ ತಂಡದ ಆಯ್ಕೆ ಶಿಬಿರಕ್ಕೂ ಹೋಗಿದ್ದರು, ಕೋಚ್ ಬಾಬಿ ನೈಟ್ ಕೈಬಿಟ್ಟಿದ್ದರು.

ಬಾರ್ಸಿಲೋನಾದ ‘ಡ್ರೀಮ್ ಟೀಮ್’ ಎಂದರೆ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಎಲ್ಲರೂ ಒಟ್ಟಿಗಿದ್ದ ತಂಡ. ಅದರಲ್ಲಿ ಪಂದ್ಯಕ್ಕೆ ಸರಾಸರಿ 18 ಅಂಕಗಳೊಡನೆ ಎಲ್ಲರಿಗಿಂತ ಮುಂದಿದ್ದವರು ಬಾರ್ಕ್ಲಿ. ಇದನ್ನು ಬಹಳ ಮಂದಿ ಮರೆತೇ ಬಿಡುತ್ತಾರೆ. ನೆನಪಿನಲ್ಲಿ ಉಳಿದದ್ದು ಅಂಗೋಲಾ ಪಂದ್ಯ. ಅಂಗೋಲಾದ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ಅವರಿಗೆ ಗ್ರಹಚಾರ ಕಾದಿದೆ ಎಂಬರ್ಥದ ಮಾತನ್ನು ಪಂದ್ಯಕ್ಕೆ ಮೊದಲೇ ಆಡಿದ್ದರು. ಪಂದ್ಯದಲ್ಲಿ ತಮಗಿಂತ ಎಷ್ಟೋ ತೆಳ್ಳಗಿದ್ದ ಆಟಗಾರನಿಗೆ ಮೊಣಕೈಯಿಂದ ತಿವಿದರು. 116–48ರಲ್ಲಿ ಗೆಲ್ಲುತ್ತಿರುವ ತಂಡಕ್ಕೆ ಅದರ ಅಗತ್ಯವೇನಿತ್ತು? ಪತ್ರಿಕೆಗಳು ತರಾಟೆಗೆ ತೆಗೆದುಕೊಂಡವು. ಅದೇ ಮನುಷ್ಯ ರಾತ್ರಿಯಾದರೆ ಸಹ ಆಟಗಾರರು ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಒಬ್ಬರೇ ಲಾ ರಾಂಬ್ಲಾ ಬೀದಿಗೆ ಇಳಿದು ಜನಜಂಗುಳಿಯ ನಡುವೆ ಓಡಾಡುತ್ತಿದ್ದರು. ಬಾರ್ಸಿಲೋನಾದ ಜನ ಬಹುಬೇಗ ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು.

ಇಷ್ಟು ದೊಡ್ಡ ಆಟಗಾರ ಒಮ್ಮೆಯೂ ಎನ್‌ಬಿಎ ಚಾಂಪಿಯನ್ ಆಗಲಿಲ್ಲವೆ?

ಇಲ್ಲ. ಹತ್ತಿರ ಹೋದದ್ದು 1993ರಲ್ಲಿ. ಫೀನಿಕ್ಸ್‌ಗೆ ಬಂದ ಮೊದಲ ಋತುವಿನಲ್ಲೇ ತಂಡ 62 ಪಂದ್ಯ ಗೆದ್ದಿತು. ಫೈನಲ್ಸ್‌ಗೆ ಮುಂಚಿನ ಸರಣಿಯಲ್ಲಿ, ಸಿಯಾಟಲ್ ವಿರುದ್ಧದ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಬಾರ್ಕ್ಲಿ 44 ಅಂಕ, 24 ರೀಬೌಂಡ್ ಗಳಿಸಿದರು. ಫೈನಲ್ಸ್‌ನಲ್ಲಿ ಎದುರಾದದ್ದು ಜೋರ್ಡನ್ ಅವರ ಶಿಕಾಗೊ ಬುಲ್ಸ್. ಮೂರನೆಯ ಪಂದ್ಯ ಮೂರು ಹೆಚ್ಚುವರಿ ಅವಧಿಗಳವರೆಗೆ ಎಳೆದು ಫೀನಿಕ್ಸ್ ಪಾಲಾಯಿತು. ಆರನೆಯ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಜಾನ್ ಪ್ಯಾಕ್ಸನ್ ಹಾಕಿದ ಮೂರು ಅಂಕದ ಎಸೆತ ಎಲ್ಲವನ್ನೂ ಮುಗಿಸಿತು. 99–98.

1997ರಲ್ಲಿ ಹ್ಯೂಸ್ಟನ್ ತಂಡದಲ್ಲಿ ಒಲಾಜುವನ್, ಕ್ಲೈಡ್ ಡ್ರೆಕ್ಸ್ಲರ್ ಜೊತೆಗೂಡಿ ಮತ್ತೊಮ್ಮೆ ಪ್ರಯತ್ನಿಸಿದರು. ಫೈನಲ್ಸ್‌ಗೆ ಒಂದು ಮೆಟ್ಟಿಲು ಕೆಳಗೆ ಜಾನ್ ಸ್ಟಾಕ್ಟನ್ ಅವರ ಕೊನೆಯ ಕ್ಷಣದ ಎಸೆತ ತಡೆಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ನೆಪ ಹುಡುಕುವ ಆಟಗಾರರನ್ನು ಬೇಕಾದಷ್ಟು ಕಂಡಿದ್ದೇವೆ. ಇವರು ಆ ಸಾಲಿಗೆ ಸೇರುವುದಿಲ್ಲ. ಮೈಕಲ್ ನನಗಿಂತ ಉತ್ತಮ ಆಟಗಾರ, ಅದಕ್ಕೇ ಸೋತೆವು ಎಂದು ಸಲೀಸಾಗಿ ಹೇಳಿಬಿಡುತ್ತಾರೆ.

‘ನಾನು ಆದರ್ಶ ವ್ಯಕ್ತಿ ಅಲ್ಲ’ ಎಂದ ಜಾಹೀರಾತಿನ ವಿವಾದ ಏನು?

1993ರಲ್ಲಿ ನೈಕಿ ಕಂಪನಿಗಾಗಿ ಮಾಡಿದ ಜಾಹೀರಾತು. ಚೆಂಡನ್ನು ಬುಟ್ಟಿಗೆ ಬಡಿಯಬಲ್ಲೆ ಎಂಬ ಕಾರಣಕ್ಕೆ ನಿಮ್ಮ ಮಕ್ಕಳನ್ನು ನಾನು ಬೆಳೆಸಬೇಕಾಗಿಲ್ಲ, ಆದರ್ಶವಾಗಬೇಕಾದವರು ತಂದೆತಾಯಂದಿರು ಎಂಬುದು ಅದರ ಸಾರ. ಆದರ್ಶವಾಗುವುದನ್ನು ನಾವು ಆರಿಸಿಕೊಳ್ಳುವುದಿಲ್ಲ, ಜನ ನಮ್ಮನ್ನು ಆರಿಸುತ್ತಾರೆ ಎಂದು ಇನ್ನೊಬ್ಬ ಮಹಾನ್ ಆಟಗಾರ ಕಾರ್ಲ್ ಮ್ಯಾಲೋನ್ ಪ್ರತಿವಾದ ಹೂಡಿದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಶೂ ಮಾರುವ ಜಾಹೀರಾತಿನಲ್ಲಿ ನಿಂತು ‘ನನ್ನನ್ನು ಅನುಕರಿಸಬೇಡಿ’ ಎನ್ನುವುದರಲ್ಲಿ ಒಂದು ತಮಾಷೆ ಇದೆ. ಶೂ ಅನ್ನಂತೂ ಅನುಕರಿಸಿ ಕೊಳ್ಳಬೇಕು ತಾನೆ?

ಅವರಿಂದಾಗಿ ಎನ್‌ಬಿಎ ಒಂದು ನಿಯಮವನ್ನೇ ತಂದಿತಂತೆ?

1999–2000ರಲ್ಲಿ ಬಂದ ಐದು ಸೆಕೆಂಡುಗಳ ನಿಯಮ. ಬುಟ್ಟಿಗೆ ಬೆನ್ನು ಮಾಡಿ, ಚೆಂಡನ್ನು ಪುಟಿಸುತ್ತಾ, ಎದುರಾಳಿಯನ್ನು ಹಿಂಭಾಗದಿಂದ ತಳ್ಳುತ್ತಾ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹೋಗುವಂತಿಲ್ಲ. ಬಾರ್ಕ್ಲಿ ಹತ್ತು ಸೆಕೆಂಡು ಹೀಗೇ ಒರಳು ರುಬ್ಬಿದಂತೆ ರುಬ್ಬುತ್ತಿದ್ದರು. ಇನ್ನೊಬ್ಬ ಆಟಗಾರ ಮಾರ್ಕ್ ಜಾಕ್ಸನ್ ಕೂಡ ಇದೇ ಕೆಲಸ ಮಾಡುತ್ತಿದ್ದರು, ಹಾಗಾಗಿ ಆ ನಿಯಮಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿದೆ.

ಅವರ ಆಟ ಮುಗಿದದ್ದು ಹೇಗೆ?

1999ರ ಡಿಸೆಂಬರ್ 8. ಆಟ ಶುರುವಾದ ಊರಾದ ಫಿಲಡೆಲ್ಫಿಯಾದಲ್ಲೇ ಎಡ ತೊಡೆಯ ಸ್ನಾಯುರಜ್ಜು ಹರಿಯಿತು. ಅಂದೇ ಮುಗಿಯಿತು ಎಂದುಕೊಂಡರು ಎಲ್ಲರೂ. ತನ್ನನ್ನು ಅಂಕಣದಿಂದ ಹೊತ್ತೊಯ್ದದ್ದೇ ಕೊನೆಯ ನೆನಪಾಗಬಾರದು ಎಂದು ಬಾರ್ಕ್ಲಿ ನಾಲ್ಕು ತಿಂಗಳು ಕಾಲಿಗೆ ಚೈತನ್ಯ ತುಂಬಿಸಿಕೊಂಡು, 2000ದ ಏಪ್ರಿಲ್ 19ರಂದು ವ್ಯಾಂಕೂವರ್ ವಿರುದ್ಧ ಒಂದೇ ಒಂದು ಪಂದ್ಯಕ್ಕಾಗಿ ಮರಳಿದರು. ಸಹ ಆಟಗಾರನ ಎಸೆತ ತಪ್ಪಿ ಪುಟಿದ ಚೆಂಡನ್ನು ಹಿಡಿದು ಮತ್ತೆ ಬುಟ್ಟಿಗೆ ಹಾಕಿ ಹೊರನಡೆದರು. ಅವರ ಕೊನೆಯ ಎರಡು ಅಂಕಗಳೂ ರೀಬೌಂಡಿನಿಂದಲೇ ಬಂದವು.

ಟಿವಿ ವಿಶ್ಲೇಷಕ ಎಂದರೆ ವೀಕ್ಷಕ ವಿವರಣೆಗಾರ ತಾನೆ?

ಅಲ್ಲ. ಪಂದ್ಯ ನಡೆಯುವಾಗ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಹೇಳುವವರು ಒಬ್ಬರು. ಅವರ ಪಕ್ಕದಲ್ಲಿ ಕುಳಿತು ಆ ಆಟ ಯಾಕೆ ಫಲಿಸಿತು ಎಂದು ಬಿಡಿಸಿ ಹೇಳುವವರು, ಸಾಮಾನ್ಯವಾಗಿ ಮಾಜಿ ಆಟಗಾರರು, ಇನ್ನೊಬ್ಬರು. ಇವರಿಬ್ಬರೂ ಕ್ರೀಡಾಂಗಣದಲ್ಲಿರುತ್ತಾರೆ. ಸ್ಟುಡಿಯೊ ವಿಶ್ಲೇಷಕರ ಪಾಳಿ ಪಂದ್ಯಕ್ಕೆ ಮೊದಲು, ಅರ್ಧವಿರಾಮದಲ್ಲಿ, ಮುಗಿದ ಮೇಲೆ. ಅವರು ಎಸೆತ ಎಸೆತವನ್ನು ವಿವರಿಸುವುದಿಲ್ಲ, ತೀರ್ಪು ಕೊಡುತ್ತಾರೆ. ಬಾರ್ಕ್ಲಿ ಕೆಲವೊಮ್ಮೆ ಕ್ರೀಡಾಂಗಣದಲ್ಲೂ ಕುಳಿತದ್ದುಂಟು, ಆದರೆ ಅವರ ಗರಡಿ ಅಟ್ಲಾಂಟಾದ ಸ್ಟುಡಿಯೊ.

‘ಇನ್‌ಸೈಡ್ ದಿ ಎನ್‌ಬಿಎ’ ಕಾರ್ಯಕ್ರಮದಲ್ಲಿ ಯಾರ ಪಾತ್ರ ಏನು?

ಬಾರ್ಕ್ಲಿ ಕೂರುವ ಸ್ಟುಡಿಯೊ ಕಾರ್ಯಕ್ರಮ ಇದು. ಒಟ್ಟು ನಾಲ್ವರು. ನಿರೂಪಕ ಅರ್ನಿ ಜಾನ್ಸನ್ ಒಬ್ಬರೇ ವೃತ್ತಿಪರ ಆಟವಾಡದವರು, 1990ರಿಂದ ಆ ಕುರ್ಚಿಯಲ್ಲಿದ್ದಾರೆ. ಕೆನ್ನಿ ಸ್ಮಿತ್ 1998ರಲ್ಲಿ ಬಂದರು. ಹ್ಯೂಸ್ಟನ್ ಪರ 1994, 1995ರಲ್ಲಿ ಚಾಂಪಿಯನ್. ಬಾರ್ಕ್ಲಿ ಸೇರಿದ್ದು 2000ದಲ್ಲಿ. ಶಕೀಲ್ ಓನೀಲ್ 2011ರಲ್ಲಿ ಬಂದರು, ಅವರ ಬಳಿ ನಾಲ್ಕು ಚಾಂಪಿಯನ್ ಪ್ರಶಸ್ತಿಗಳಿವೆ.

ಮನೆ ತುಂಬ ಪುಂಡ ಮಕ್ಕಳಿರುವ ಸಂಸಾರಕ್ಕೆ ಯಜಮಾನ ಇದ್ದಂತೆ ಜಾನ್ಸನ್. ಕಾಗದ, ಅಂಕಿ, ಸಮಯ ಎಲ್ಲವೂ ಅವರ ಕೈಯಲ್ಲಿ. ಸ್ಮಿತ್ ಎದ್ದು ಪರದೆಯ ಬಳಿ ಹೋಗಿ ಆಟದ ತಂತ್ರವನ್ನು ವಿವರಿಸುತ್ತಾರೆ, ಶ್ರದ್ಧೆಯಿಂದ ಪಾಠ ಹೇಳುವ ಮೇಷ್ಟ್ರ ಹಾಗೆ. ಓನೀಲ್ ಮತ್ತು ಬಾರ್ಕ್ಲಿ ಆ ಪಾಠವನ್ನು ಕೆಡಿಸುತ್ತಾರೆ. ಬಾರ್ಕ್ಲಿ ವಾದದಲ್ಲಿ ಗೆಲ್ಲುವಂತೆ ಕಂಡರೆ ಸಾಕು, ನಿನ್ನ ಬಳಿ ಎಷ್ಟು ಪ್ರಶಸ್ತಿ ಇದೆ ಎಂದು ಉಳಿದಿಬ್ಬರು ಚುಚ್ಚುತ್ತಾರೆ. ಇಷ್ಟು ವರ್ಷಗಳಾದರೂ ಈ ಚುಚ್ಚು ಸವೆದಿಲ್ಲ. ಕಾರ್ಯಕ್ರಮವೂ, ವಿಶ್ಲೇಷಕರಾಗಿ ಬಾರ್ಕ್ಲಿಯೂ ಹಲವು ಬಾರಿ ಕ್ರೀಡಾ ಪ್ರಸಾರದ ಸ್ಪೋರ್ಟ್ಸ್ ಎಮ್ಮಿ ಪ್ರಶಸ್ತಿ ಪಡೆದಿದ್ದಾರೆ.

ಅವರು ನಿಜವಾಗಿಯೂ ಪಂದ್ಯಗಳನ್ನು ನೋಡಿ, ತಯಾರಾಗಿ ಬರುತ್ತಾರೆಯೆ?

ಎಲ್ಲ ತಂಡಗಳ ಮಟ್ಟಿಗೆ, ಇಲ್ಲ. ಇದು ಗುಟ್ಟೇನಲ್ಲ. ‘ಅವನು ಯಾವ ತಂಡದವನು?’ ಎಂಬ ಆಟವನ್ನು ಕಾರ್ಯಕ್ರಮದಲ್ಲೇ ಆಡಿಸುತ್ತಾರೆ. ಅಷ್ಟೇನೂ ಹೆಸರಾಗದ ಆಟಗಾರನೊಬ್ಬನ ಚಿತ್ರ ತೋರಿಸಿ, ಇವನು ಈಗ ಯಾವ ತಂಡದಲ್ಲಿದ್ದಾನೆ ಹೇಳು ಎನ್ನುತ್ತಾರೆ. ಬಾರ್ಕ್ಲಿ ಗಂಭೀರವಾಗಿ ಯೋಚಿಸಿ ತಪ್ಪು ಹೇಳುತ್ತಾರೆ. ಬೇರೆ ಯಾವುದೇ ವಾಹಿನಿಯಲ್ಲಿ ವಿಶ್ಲೇಷಕನ ಇಂಥ ಅಜ್ಞಾನವನ್ನು ಮುಚ್ಚಿಡುತ್ತಿದ್ದರು. ಇಲ್ಲಿ ಅದನ್ನೇ ಕಾರ್ಯಕ್ರಮದ ಜನಪ್ರಿಯ ಭಾಗ ಮಾಡಿದರು.

ಹಾಗೆಂದು ಇದು ದೋಷವೇ ಅಲ್ಲ ಎನ್ನಲಾರೆ. ಸಣ್ಣ ತಂಡಗಳ ಬಗ್ಗೆ ಅವರ ಮಾತು ಹೆಚ್ಚಿನ ವೇಳೆ ಪೊಳ್ಳು. ಆದರೆ ಒತ್ತಡದ ಗಳಿಗೆಯಲ್ಲಿ ಒಬ್ಬ ಆಟಗಾರ ಚೆಂಡು ಬೇಡವೆಂದು ಮೂಲೆಗೆ ಸರಿಯುತ್ತಿದ್ದಾನೆ, ಇನ್ನೊಬ್ಬ ದಣಿದಿರುವುದನ್ನು ಅಡಗಿಸುತ್ತಿದ್ದಾನೆ ಎಂಬುದನ್ನು ಅವರಷ್ಟು ಬೇಗ ಹಿಡಿಯುವವರು ಕಡಿಮೆ. ಅದಕ್ಕೆ ಕಾಗದ ಬೇಕಿಲ್ಲ, 1,073 ಪಂದ್ಯಗಳ ಬೆವರು ಬೇಕು.

ಕತ್ತೆಗೆ ಮುತ್ತಿಟ್ಟ ಕಥೆ ಏನು?

2002ರಲ್ಲಿ ಚೀನಾದ ಯಾವೊ ಮಿಂಗ್ ಹ್ಯೂಸ್ಟನ್ ತಂಡಕ್ಕೆ ಹೊಸದಾಗಿ ಬಂದಿದ್ದರು. ಈ ಹುಡುಗನಿಂದ ಏನೂ ಆಗದು, ಈ ಋತುವಿನಲ್ಲಿ ಒಂದೇ ಪಂದ್ಯದಲ್ಲಿ 19 ಅಂಕ ಗಳಿಸಿದರೆ ನಿನ್ನ ಹಿಂಭಾಗಕ್ಕೆ ಮುತ್ತಿಡುತ್ತೇನೆ ಎಂದು ಬಾರ್ಕ್ಲಿ ಕೆನ್ನಿ ಸ್ಮಿತ್ ಎದುರು ಪಂಥ ಕಟ್ಟಿದರು. ಕೆಲವೇ ದಿನ. ನವೆಂಬರ್ 17ರಂದು ಲಾಸ್ ಏಂಜಲಿಸ್ ಲೇಕರ್ಸ್ ವಿರುದ್ಧ ಯಾವೊ ಒಂಬತ್ತು ಬಾರಿ ಎಸೆದು ಒಂಬತ್ತೂ ಬುಟ್ಟಿಗೆ ಹಾಕಿ 20 ಅಂಕ ಗಳಿಸಿದರು.

ಇಂಗ್ಲಿಷಿನಲ್ಲಿ ಕತ್ತೆಗೂ ಪೃಷ್ಠಕ್ಕೂ ಒಂದೇ ಪದವಿದೆ. ಸ್ಮಿತ್ ತಮ್ಮ ಮಾನ ಉಳಿಸಿಕೊಳ್ಳಲು ಸ್ಟುಡಿಯೊಗೆ ಜೀವಂತ ಕತ್ತೆಯನ್ನೇ ತರಿಸಿದರು. ಬಾರ್ಕ್ಲಿ ಅದರ ಹಿಂಭಾಗಕ್ಕೆ ಮುತ್ತಿಟ್ಟರು, ನೇರಪ್ರಸಾರದಲ್ಲಿ.

ಅವರ ಭವಿಷ್ಯ ಎಷ್ಟರಮಟ್ಟಿಗೆ ನಿಜವಾಗುತ್ತದೆ?

ಮೇಲಿನ ಕತ್ತೆಯನ್ನು ಕೇಳಿ. ಇಂಥ ತಂಡ ಗೆಲ್ಲುತ್ತದೆ, ‘ಗ್ಯಾರಂಟೀಡ್’ ಎಂದು ಅವರು ಕೂಗಿದರೆ ಆ ತಂಡದ ಅಭಿಮಾನಿಗಳು ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ದೂರದಿಂದ ಎಸೆಯುವುದನ್ನೇ ನೆಚ್ಚಿಕೊಂಡ ತಂಡ ಚಾಂಪಿಯನ್ ಆಗುವುದಿಲ್ಲ ಎಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಗ್ಗೆ ಪಟ್ಟು ಹಿಡಿದಿದ್ದರು. ಆ ತಂಡ 2015, 2017, 2018, 2022ರಲ್ಲಿ ಗೆದ್ದಿತು. ಅಂಕಿಅಂಶ ಆಧಾರಿತ ವಿಶ್ಲೇಷಣೆಯನ್ನೂ ಅವರು 2015ರ ಫೆಬ್ರುವರಿಯಲ್ಲಿ ಹಿಗ್ಗಾಮುಗ್ಗಾ ಝಾಡಿಸಿದರು. ಆಗ ಅವರ ಟೀಕೆಗೆ ಗುರಿಯಾದವರು ಹ್ಯೂಸ್ಟನ್‌ನ ವ್ಯವಸ್ಥಾಪಕ ಡ್ಯಾರಿಲ್ ಮೋರಿ, ಲೆಕ್ಕದ ಮೇಲೆ ತಂಡ ಕಟ್ಟುವುದಕ್ಕೆ ಹೆಸರಾದವರು. ಆಟವೇ ಆಡದ, ಶಾಲೆಯಲ್ಲಿ ಹುಡುಗಿಯರೂ ತಿರುಗಿ ನೋಡದ ಮಂದಿಯ ಕೆಲಸ ಅದು ಎಂಬ ಧಾಟಿ ಬಾರ್ಕ್ಲಿಯದು. ಈ ವಾದದಲ್ಲಿ ಅವರು ಸೋತಿದ್ದಾರೆ. ಇಂದು ಎಲ್ಲ ತಂಡಗಳಲ್ಲೂ ಲೆಕ್ಕಿಗರಿದ್ದಾರೆ, ಮೂರು ಅಂಕದ ಎಸೆತವೇ ಆಟದ ಬೆನ್ನೆಲುಬು. ಆ ದಿನದ ಅವರ ಮಾತಿನಲ್ಲಿ ತಿಳಿವಳಿಕೆಗಿಂತ ಹಳಬನ ಹೊಟ್ಟೆಯುರಿ ಹೆಚ್ಚಿತ್ತು.

ಮೈಕಲ್ ಜೋರ್ಡನ್ ಜೊತೆ ಮಾತು ಬಿಟ್ಟಿದ್ದಾರೆ ಎನ್ನುತ್ತಾರೆ. ಯಾಕೆ?

ಎಲ್ಲ ಪ್ರಶ್ನೆಗಳಲ್ಲಿ ಇದಕ್ಕೆ ಉತ್ತರಿಸುವುದು ನನಗೆ ಮುಖ್ಯ. ಇಬ್ಬರೂ 1984ರ ಡ್ರಾಫ್ಟಿನವರು, ಒಲಿಂಪಿಕ್ಸ್ ಜೊತೆಗಾರರು, ಗಾಲ್ಫ್ ಗೆಳೆಯರು. ಒಡಹುಟ್ಟಿದವರ ಹಾಗೆ ಇದ್ದೆವು ಎಂದು ಬಾರ್ಕ್ಲಿ ಹೇಳುತ್ತಾರೆ.

2010ರಲ್ಲಿ ಜೋರ್ಡನ್ ಶಾರ್ಲೆಟ್ ಬಾಬ್‌ಕ್ಯಾಟ್ಸ್ ತಂಡದ ಒಡೆಯರಾದರು. 2011–12ರ ಋತುವಿನಲ್ಲಿ ಆ ತಂಡ 66 ಪಂದ್ಯಗಳಲ್ಲಿ ಗೆದ್ದದ್ದು ಏಳು. ಗೆಲುವಿನ ಪ್ರಮಾಣದಲ್ಲಿ ಎನ್‌ಬಿಎ ಚರಿತ್ರೆಯಲ್ಲೇ ಅತಿ ಕಳಪೆ. ಆ ದಿನಗಳಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ಬಾರ್ಕ್ಲಿಯನ್ನು ಕೇಳಿದರು. ಮೈಕಲ್ ಸುತ್ತ ಇರುವವರು ಅವರಿಗೆ ಎದುರಾಡುವವರಲ್ಲ, ಹೌದಪ್ಪಗಳು. ಅಂಥವರನ್ನು ಇಟ್ಟುಕೊಂಡು ತಂಡ ಕಟ್ಟಲಾಗದು ಎಂಬರ್ಥದಲ್ಲಿ ಉತ್ತರಿಸಿದರು. ಜೋರ್ಡನ್ ಫೋನ್ ಮಾಡಿ ಸಿಟ್ಟಿನಿಂದ ಕೂಗಾಡಿದರು. ಅದೇ ಕೊನೆಯ ಮಾತುಕತೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗೆಳೆಯ ತಾನೆ, ತೇಲಿಸಿ ಹೇಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಗೆಳೆಯರಲ್ಲದವರನ್ನು ಟೀಕಿಸುವುದಕ್ಕೇ ಸಂಬಳ ತೆಗೆದುಕೊಳ್ಳುವಾಗ, ಗೆಳೆಯನನ್ನು ಮಾತ್ರ ಬಿಟ್ಟರೆ ಉಳಿದವರಿಗೆ ಮುಖ ತೋರಿಸುವುದು ಹೇಗೆ ಎಂಬುದು ಅವರ ನಿಲುವು. ಆ ಗೆಳೆತನ ಹೋದದ್ದಕ್ಕೆ ದುಃಖವಿದೆ ಎಂದು ಹಲವು ಬಾರಿ ಹೇಳಿಕೊಂಡಿದ್ದಾರೆ, ಆಡಿದ ಮಾತನ್ನು ಮಾತ್ರ ಹಿಂದಕ್ಕೆ ಪಡೆದಿಲ್ಲ. ಪರದೆಯ ಮೇಲೆ ಖಾರವಾಗಿ ಮಾತಾಡುವವರು ಇವತ್ತು ಎಷ್ಟೋ ಜನ. ಆ ಖಾರಕ್ಕೆ ತಮ್ಮ ಸ್ವಂತ ಕಿಸೆಯಿಂದ ಬೆಲೆ ತೆತ್ತವರನ್ನು ಹುಡುಕಿದರೆ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಲೆಬ್ರಾನ್ ಜೇಮ್ಸ್ ಜೊತೆಗೂ ಜಗಳವಾಗಿತ್ತಲ್ಲ?

2017ರ ಜನವರಿಯಲ್ಲಿ. ತಂಡಕ್ಕೆ ಇನ್ನೊಬ್ಬ ಒಳ್ಳೆಯ ಆಟಗಾರ ಬೇಕೆಂದು ಲೆಬ್ರಾನ್ ಬಹಿರಂಗವಾಗಿ ಕೇಳಿದಾಗ, ಇದು ಅತಿಯಾದ ಗೊಣಗಾಟ ಎಂದು ಬಾರ್ಕ್ಲಿ ಟೀಕಿಸಿದರು. ಲೆಬ್ರಾನ್ ಸುಮ್ಮನಿರಲಿಲ್ಲ. ಮಗುವಿನ ಮೇಲೆ ಉಗುಳಿದವನು ನಾನಲ್ಲ, ಮನುಷ್ಯನನ್ನು ಕಿಟಕಿಯಿಂದ ಎಸೆದವನು ನಾನಲ್ಲ, ಜೂಜಿನಲ್ಲಿ ಸಾಲ ಮಾಡಿದವನು ನಾನಲ್ಲ ಎಂಬ ಧಾಟಿಯಲ್ಲಿ ಹಳೆಯ ಕಡತವನ್ನೆಲ್ಲ ಬಿಚ್ಚಿದರು. ಕಿಟಕಿಯ ಪ್ರಸಂಗವೂ ನಿಜವೇ: 1997ರಲ್ಲಿ ಒರ್ಲಾಂಡೊದ ಬಾರ್ ಒಂದರಲ್ಲಿ ಕೆಣಕಿದವನನ್ನು ಗಾಜಿನ ಕಿಟಕಿಯಿಂದ ಆಚೆ ಎಸೆದಿದ್ದರು.

ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ತಟ್ಟೆಯ ನೊಣ ತೋರಿಸುವುದು ಎಂದರೆ ಇದೇ ಎಂದು ಲೆಬ್ರಾನ್ ಅಭಿಮಾನಿಗಳು ಹೇಳಿದರೆ ತಪ್ಪೇನಿಲ್ಲ. ಬಾರ್ಕ್ಲಿಯ ಉತ್ತರ ನನಗೆ ಇಷ್ಟವಾಯಿತು. ಆ ಪಟ್ಟಿಯಲ್ಲಿರುವುದು ಬಹುಪಾಲು ನಿಜ, ಆದರೆ ನನ್ನ ಟೀಕೆಯೂ ನಿಜ ಎಂದರು. ತಮ್ಮ ಹೆಗ್ಗಣವನ್ನು ಮೊದಲು ಒಪ್ಪಿಕೊಂಡರು, ಆಮೇಲೆ ನೊಣವನ್ನೂ ಬಿಡಲಿಲ್ಲ.

ಜೂಜು, ಬಂಧನ ಇವೆಲ್ಲ ಏನು?

ಜೂಜಿನಲ್ಲಿ ಸುಮಾರು ಒಂದು ಕೋಟಿ ಡಾಲರ್ ಕಳೆದುಕೊಂಡಿದ್ದೇನೆ ಎಂದು 2006ರಲ್ಲಿ ತಾವೇ ಬಾಯಿಬಿಟ್ಟು ಹೇಳಿದರು. 2008ರಲ್ಲಿ ಲಾಸ್ ವೇಗಸ್‌ನ ಒಂದು ಕ್ಯಾಸಿನೊ 4 ಲಕ್ಷ ಡಾಲರ್ ಬಾಕಿಗಾಗಿ ದಾವೆ ಹೂಡಿತು, ತೀರಿಸಿದರು. ಆ ವರ್ಷದ ಕೊನೆಯ ದಿನ ಅರಿಜೋನಾದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ಕೆಲವು ವಾರ ಟಿವಿಯಿಂದ ದೂರವಿದ್ದರು, ಆಮೇಲೆ ಕೆಲವು ದಿನ ಜೈಲಿನಲ್ಲೂ ಇದ್ದರು. ಟಿವಿಗೆ ಮರಳಿದ ದಿನ ನೇರಪ್ರಸಾರದಲ್ಲೇ ತಪ್ಪೊಪ್ಪಿಕೊಂಡರು.

ಅವರ ತಮಾಷೆಗಳು ಎಲ್ಲರಿಗೂ ಹಿಡಿಸುತ್ತವೆಯೆ?

ಇಲ್ಲ. ಸ್ಯಾನ್ ಆಂಟೊನಿಯೊ ನಗರದ ಹೆಂಗಸರ ಮೈಕಟ್ಟಿನ ಬಗ್ಗೆ ವರ್ಷಾನುಗಟ್ಟಲೆ ಅದೇ ಹಾಸ್ಯವನ್ನು ಎಳೆದಾಡಿದ್ದಾರೆ. ಕ್ಷಮೆ ಕೇಳಿ ಎಂದವರ ಮಾತಿಗೆ ಕಿವಿಗೊಡಲಿಲ್ಲ. ಒಡೆಯರು, ಕೋಟ್ಯಧಿಪತಿ ಆಟಗಾರರು, ತಾವು, ಇವರನ್ನೆಲ್ಲ ಗೇಲಿ ಮಾಡುವಾಗ ಇರುವ ಧೈರ್ಯಕ್ಕೂ, ಟಿವಿಯಲ್ಲಿ ಉತ್ತರ ಕೊಡಲು ಕುರ್ಚಿಯೇ ಇಲ್ಲದ ಊರಿನ ಹೆಂಗಸರನ್ನು ಗೇಲಿ ಮಾಡುವುದಕ್ಕೂ ಬಹಳ ಅಂತರವಿದೆ. ಆ ಹಾಸ್ಯಕ್ಕೆ ನನಗೆ ನಗು ಬರುವುದಿಲ್ಲ.

ಗಾಲ್ಫ್? ರಾಜಕೀಯ?

ಗಾಲ್ಫ್‌ನಲ್ಲಿ ಕೋಲು ಬೀಸುವಾಗ ನಡುವೆ ಗಕ್ಕನೆ ನಿಂತು ಮತ್ತೆ ಹೊರಡುವ ಅವರ ಶೈಲಿ ಜಗದ್ವಿಖ್ಯಾತ ಅಪಹಾಸ್ಯ. ಆದರೂ 2020ರ ನವೆಂಬರಿನಲ್ಲಿ ವೃತ್ತಿಪರ ಗಾಲ್ಫ್ ಆಟಗಾರ ಫಿಲ್ ಮಿಕೆಲ್ಸನ್ ಜೋಡಿಯಾಗಿ ಎನ್‌ಬಿಎ ತಾರೆ ಸ್ಟೀಫನ್ ಕರಿ ಮತ್ತು ಅಮೆರಿಕನ್ ಫುಟ್‌ಬಾಲ್‌ನ ಪೇಟನ್ ಮ್ಯಾನಿಂಗ್ ಅವರನ್ನು ಪ್ರದರ್ಶನ ಪಂದ್ಯದಲ್ಲಿ ಸೋಲಿಸಿದರು. ಅಲಬಾಮಾ ಗವರ್ನರ್ ಹುದ್ದೆಗೆ ನಿಲ್ಲುತ್ತೇನೆ ಎಂದು ಆಗಾಗ ಹೇಳುತ್ತಿದ್ದರು, ನಿಲ್ಲಲಿಲ್ಲ. ಐತಿಹಾಸಿಕವಾಗಿ ಕಪ್ಪು ಜನರಿಗಾಗಿ ಹುಟ್ಟಿದ ಕಾಲೇಜುಗಳಿಗೆ ಹತ್ತು ಲಕ್ಷ ಡಾಲರ್‌ಗಳ ದೇಣಿಗೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಕೊಟ್ಟಿದ್ದಾರೆ.

ಟಿಎನ್‌ಟಿ ವಾಹಿನಿಯಿಂದ ಕಾರ್ಯಕ್ರಮ ಎಲ್ಲಿಗೆ ಹೋಯಿತು? ಅವರು ನಿವೃತ್ತರಾಗುತ್ತೇನೆ ಎಂದಿರಲಿಲ್ಲವೆ?

ಎಂದಿದ್ದರು, ಆಮೇಲೆ ಮನಸ್ಸು ಬದಲಿಸಿದರು. 2024ರಲ್ಲಿ ಎನ್‌ಬಿಎ ಹೊಸ ಪ್ರಸಾರ ಒಪ್ಪಂದಕ್ಕೆ ಸಹಿ ಹಾಕಿತು: 11 ವರ್ಷ, ಸುಮಾರು 7,700 ಕೋಟಿ ಡಾಲರ್. ಹಕ್ಕು ಸಿಕ್ಕಿದ್ದು ಡಿಸ್ನಿ, ಎನ್‌ಬಿಸಿ ಯೂನಿವರ್ಸಲ್ ಮತ್ತು ಅಮೆಜಾನ್‌ಗೆ. ದಶಕಗಳ ಕಾಲ ಪಂದ್ಯ ತೋರಿಸಿದ್ದ ಟಿಎನ್‌ಟಿ ಹೊರಗುಳಿಯಿತು. ಮಾತುಕತೆ ಇನ್ನೂ ನಡೆಯುತ್ತಿದ್ದಾಗಲೇ ಬಾರ್ಕ್ಲಿ ರೇಡಿಯೊದಲ್ಲಿ ತಮ್ಮ ವಾಹಿನಿಯ ಮೇಲಧಿಕಾರಿಗಳನ್ನು ವಿದೂಷಕರೆಂದು ಜರೆದರು, ತೆರೆಯ ಹಿಂದೆ ದುಡಿಯುವವರ ಕೆಲಸ ಇವರಿಂದಾಗಿ ಹೋಗುತ್ತದೆ ಎಂದರು. ಸಂಬಳ ಕೊಡುವವರಿಗೂ ರಿಯಾಯಿತಿ ಇರಲಿಲ್ಲ.

ಜೂನ್ 14ರಂದು, ಮುಂದಿನ ಋತುವೇ ನನ್ನ ಕೊನೆಯದು ಎಂದು ಘೋಷಿಸಿದರು. ಆಗಸ್ಟ್‌ನಲ್ಲಿ ಅದನ್ನು ಹಿಂದಕ್ಕೆ ಪಡೆದರು. ನವೆಂಬರಿನಲ್ಲಿ ರಾಜಿಯಾಯಿತು: ಕಾರ್ಯಕ್ರಮವನ್ನು ಅದೇ ಅಟ್ಲಾಂಟಾದಲ್ಲಿ ಟಿಎನ್‌ಟಿ ತಂಡವೇ ತಯಾರಿಸುತ್ತದೆ, 2025–26ರಿಂದ ಡಿಸ್ನಿಯ ವಾಹಿನಿಗಳಾದ ಇಎಸ್‌ಪಿಎನ್ ಮತ್ತು ಎಬಿಸಿ ಅದನ್ನು ಪ್ರಸಾರ ಮಾಡುತ್ತವೆ. ಟಿಎನ್‌ಟಿಯಲ್ಲಿ ಕೊನೆಯ ಪ್ರಸಾರ 2025ರ ಮೇ 31ರಂದು ನಡೆಯಿತು. ಅಂದು ಇಂಡಿಯಾನಾ ಪೇಸರ್ಸ್ ತಂಡ ನ್ಯೂಯಾರ್ಕ್ ನಿಕ್ಸ್ ತಂಡವನ್ನು ಸೋಲಿಸಿ ಫೈನಲ್ಸ್ ತಲುಪಿತು.

ಹೊಸಬನಾದ ನಾನು ಎಲ್ಲಿಂದ ನೋಡಲು ಶುರುಮಾಡಲಿ?

ಕತ್ತೆಯ ತುಣುಕಿನಿಂದ. ನಗು ನಿಂತ ಮೇಲೆ 1993ರ ಸಿಯಾಟಲ್ ವಿರುದ್ಧದ ಏಳನೆಯ ಪಂದ್ಯ ನೋಡಿ, ಆ ನಗುವ ಮನುಷ್ಯ ಏನಾಗಿದ್ದ ಎಂದು ತಿಳಿಯುತ್ತದೆ. ಕೊನೆಗೆ ಜೋರ್ಡನ್ ಬಗ್ಗೆ ಅವರು ಮಾತಾಡಿರುವ ಯಾವುದಾದರೂ ಸಂದರ್ಶನ ಸಾಕು. ಅಲ್ಲಿ ಅವರು ಗಟ್ಟಿಯಾಗಿ ಮಾತಾಡುವುದಿಲ್ಲ.